ಮಾಜಿ ನಾಯಕರು ಮತ್ತೆ ಅಧ್ಯಕ್ಷ ಚುನಾವಣೆಗೆ ನಿಲ್ತಾರಾ? ಸುದ್ದಿ ಓದುವುದು ಹೀಗೆ

2015ರ ಜನವರಿಯಲ್ಲಿ ನಾನು ಪತ್ರಿಕೆಯೊಂದರ ವಿದೇಶ ಪುಟ ನೋಡಿಕೊಳ್ಳುತ್ತಿದ್ದೆ. 2012ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಸೋತಿದ್ದ ಮಿಟ್ ರಾಮ್ನಿ ದೊಡ್ಡ ದಾನಿಗಳ ಎದುರು ಮತ್ತೆ ಸ್ಪರ್ಧಿಸುವ ಯೋಚನೆ ಇದೆ ಅಂದರು. ನಾನು 'ರಾಮ್ನಿ ಮತ್ತೆ ಕಣಕ್ಕೆ' ಎಂದು ತಲೆಬರಹ ಕೊಟ್ಟೆ. ಮೂರೇ ವಾರಕ್ಕೆ, ಜನವರಿ 30ರಂದು, ಅವರು ನಿಲ್ಲುವುದಿಲ್ಲ ಎಂದರು. ಓದುಗರಿಗೆ ತಪ್ಪು ಹೇಳಿದೆನಲ್ಲ ಎಂಬ ನೋವು ಇನ್ನೂ ಇದೆ. ಅವತ್ತಿನಿಂದ ಇಂಥ ಸುದ್ದಿ ಬಂದಾಗ ನಾನು ನೋಡುವ ರೀತಿಯೇ ಬೇರೆ.

ಮೊದಲು, ಆ ನಾಯಕರು ಕಾನೂನು ಪ್ರಕಾರ ನಿಲ್ಲಬಹುದಾ ಎಂದು ನೋಡಿ. ಅಮೆರಿಕ ಸಂವಿಧಾನದ 22ನೇ ತಿದ್ದುಪಡಿ ಪ್ರಕಾರ ಎರಡು ಸಲ ಅಧ್ಯಕ್ಷರಾಗಿ ಆಯ್ಕೆಯಾದವರು ಮತ್ತೆ ಆಯ್ಕೆಯಾಗುವಂತಿಲ್ಲ. ನಡುವೆ ಬಿಡುವು ಇದ್ದರೂ ಅಷ್ಟೇ. ಸೋತವರು ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಬೈಡನ್ 1988ಕ್ಕೂ 2008ಕ್ಕೂ ಪಕ್ಷದ ಟಿಕೆಟ್‌ಗೆ ಪ್ರಯತ್ನಿಸಿ ಸೋತು, 2020ರಲ್ಲಿ ಗೆದ್ದರು.

ಆಮೇಲೆ 'ಇನ್ನೂ ಯೋಚಿಸುತ್ತಿದ್ದೇನೆ' ಎನ್ನುವ ಮಾತು. ಇದು ಸುಮ್ನೆ ಆಡುವ ಮಾತಲ್ಲ, ಹಿಂದೆ ಕಾನೂನು ಇದೆ. ಸಮೀಕ್ಷೆ ಮಾಡಿಸುವುದು, ಊರೂರು ಸುತ್ತುವುದು, ಜನರಿಗೆ ಫೋನ್ ಮಾಡುವುದು, ಇದೆಲ್ಲ ನಿಲ್ಲಬಹುದಾ ಎಂದು ಪರೀಕ್ಷಿಸಿ ನೋಡುವ ಹಂತ. ಅಷ್ಟಕ್ಕೆ ಹೆಸರು ನೋಂದಾಯಿಸಬೇಕಿಲ್ಲ. ಆದರೆ ತಾನು ಅಭ್ಯರ್ಥಿ ಎಂದು ಹೇಳಿಕೊಂಡು, ಸಂಗ್ರಹ ಅಥವಾ ಖರ್ಚು 5,000 ಡಾಲರ್ ದಾಟಿದರೆ, 15 ದಿನದೊಳಗೆ ಫೆಡರಲ್ ಚುನಾವಣಾ ಆಯೋಗಕ್ಕೆ ಅರ್ಜಿ ಕೊಡಬೇಕು. ಅದಕ್ಕೇ ಅವರು ಅಷ್ಟು ಎಚ್ಚರದಿಂದ ಮಾತಾಡುತ್ತಾರೆ. ಆಯೋಗದ ಜಾಲತಾಣದಲ್ಲಿ ಆ ಅರ್ಜಿಯನ್ನು ಯಾರು ಬೇಕಾದರೂ ಹುಡುಕಬಹುದು. ಬರೀ ಹೆಸರು ಕಂಡರೆ ಸಾಲದು, ಯಾರೋ ಸುಳ್ಳು ಅರ್ಜಿ ಹಾಕಿರಬಹುದು. ಪ್ರಚಾರ ಸಮಿತಿ ಇದೆಯಾ, ಹಣದ ಲೆಕ್ಕ ಸಲ್ಲಿಸಿದೆಯಾ ನೋಡಿ.

ನನ್ನ ಅನುಭವದಲ್ಲಿ ಅದಕ್ಕಿಂತ ಮುಂಚೆಯೇ ಸುಳಿವು ಕೊಡುವುದು ಅವರ ಹಳೆಯ ಜನ. ಪಕ್ಷದ ಅಭ್ಯರ್ಥಿ ಆಯ್ಕೆಯಲ್ಲಿ ಸಾಂಪ್ರದಾಯಿಕವಾಗಿ ಮೊದಲು ಮತ ಹಾಕುವ ರಾಜ್ಯಗಳಾದ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಿಂದೆ ಅವರಿಗಾಗಿ ದುಡಿದವರು ಈಗ ಯಾರ ಜೊತೆ ಇದ್ದಾರೆ? ದಾನಿಗಳು ಯಾರಿಗೆ ಮಾತು ಕೊಟ್ಟಿದ್ದಾರೆ? ರಾಮ್ನಿಯವರ ಅಯೋವಾ ಸಲಹೆಗಾರರೊಬ್ಬರು ಅದೇ ಪಕ್ಷದ ಪ್ರತಿಸ್ಪರ್ಧಿ ಜೆಬ್ ಬುಷ್ ಕಡೆ ಹೊರಟ ಸುದ್ದಿ, ರಾಮ್ನಿ ಹಿಂದೆ ಸರಿಯುವ ಮೊದಲೇ ಬಂದಿತ್ತು. ಅದು ನನ್ನ ಕಣ್ಣಿಗೂ ಬಿದ್ದಿತ್ತು, ಚಿಕ್ಕ ಸುದ್ದಿ ಎಂದು ಬದಿಗಿಟ್ಟೆ.

'ಇಲ್ಲ' ಎಂದವರನ್ನೂ ಪೂರ್ತಿ ನಂಬಬೇಡಿ. 1962ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆ ಸೋತ ಮಾಜಿ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್, ಇದೇ ನನ್ನ ಕೊನೆಯ ಪತ್ರಿಕಾಗೋಷ್ಠಿ ಅಂದಿದ್ದರು. ಆದರೆ 1966ರಲ್ಲಿ ತಮ್ಮ ಪಕ್ಷದ ಸಂಸತ್ ಅಭ್ಯರ್ಥಿಗಳ ಪರವಾಗಿ ಊರೂರು ತಿರುಗಿದರು. ಗೆದ್ದವರೆಲ್ಲ ಅವರ ಋಣದಲ್ಲಿದ್ದರು, ಅಲ್ವಾ? 1968ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದರು. ಬೇರೆಯವರ ಚುನಾವಣೆಗೆ ಯಾರು ಜಾಸ್ತಿ ಓಡಾಡುತ್ತಿದ್ದಾರೆ ಎಂದು ಗಮನಿಸಿ.

ಕೊನೆಗೆ ದಿನಾಂಕ. ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ, ಹೆಸರು ಕೊಡಲು 1,000 ಡಾಲರ್ ಶುಲ್ಕ ಮತ್ತು ಖಚಿತ ಗಡುವು ಇದೆ. 1991ರ ಡಿಸೆಂಬರ್ 20 ಗಡುವಿನ ದಿನ. ಆಗ ನ್ಯೂಯಾರ್ಕ್ ಗವರ್ನರ್ ಆಗಿದ್ದ ಮಾರಿಯೋ ಕ್ಯುಮೊ ಅಲ್ಲಿಗೆ ಹೋಗಿ ಹೆಸರು ಕೊಡಲೆಂದು ಅವರ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ವಿಮಾನ ಸಿದ್ಧವಾಗಿ ನಿಂತಿತ್ತು. ಅವರು ಹೋಗಲೇ ಇಲ್ಲ. ಈ ಗಡುವನ್ನು ಮೊದಲೇ ಬರೆದಿಟ್ಟುಕೊಂಡು, ಅದು ಮುಗಿದ ಸಂಜೆ ಪಟ್ಟಿ ನೋಡಿ.