ಎಐಸಿ, ಬಿಐಸಿ ನೋಡಿ ಮಾದರಿಯನ್ನು ಆಯುವ ಬಗೆ

ಒಂದೇ ದತ್ತಾಂಶಕ್ಕೆ ಎರಡು ಮೂರು ಮಾದರಿಗಳು (ಚರಾಂಶಗಳ ನಡುವಿನ ಸಂಬಂಧವನ್ನು ಹೇಳುವ ಸಮೀಕರಣಗಳು) ಹೊಂದುವಂತೆ ಕಂಡಾಗ, ಶೇಷಗಳ (ದಾಖಲಾದ ಅಂಕಿಗೂ ಮಾದರಿ ಹೇಳುವ ಅಂಕಿಗೂ ಇರುವ ಅಂತರಗಳ) ವರ್ಗಮೊತ್ತ ಯಾವುದರಲ್ಲಿ ಕಡಿಮೆಯೋ ಅದನ್ನೇ ಆರಿಸಿಕೊಳ್ಳುವುದು ಸರಿಯಲ್ಲ. ನಿಯತಾಂಕಗಳನ್ನು (ದತ್ತಾಂಶದಿಂದ ಅಂದಾಜು ಮಾಡಬೇಕಾದ ಸಂಖ್ಯೆಗಳನ್ನು) ಸೇರಿಸುತ್ತಾ ಹೋದರೆ ಆ ಮೊತ್ತ ಹೇಗೂ ಇಳಿಯುತ್ತದೆ. ಹೀಗೆ ಸೇರಿಸಿದ್ದಕ್ಕೆ ದಂಡ ಹಾಕುವ ಅಳತೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಜಪಾನಿನ ಹಿರೊಟುಗು ಅಕೈಕೆ 1970ರ ದಶಕದ ಆರಂಭದಲ್ಲಿ ರೂಪಿಸಿದ ಎಐಸಿ (ಅಕೈಕೆ ಇನ್ಫರ್ಮೇಶನ್ ಕ್ರೈಟೀರಿಯನ್) ಮತ್ತು ಗಿಡಿಯನ್ ಶ್ವಾರ್ಟ್ಸ್ 1978ರಲ್ಲಿ ಪ್ರಕಟಿಸಿದ ಬಿಐಸಿ (ಬೇಸಿಯನ್ ಇನ್ಫರ್ಮೇಶನ್ ಕ್ರೈಟೀರಿಯನ್). ಎರಡರಲ್ಲೂ, ಮಾದರಿ ನಿಜವಾದರೆ ಇದೇ ದತ್ತಾಂಶ ಬರುವ ಸಂಭವವನ್ನು ಅಳೆಯುವ ಗರಿಷ್ಠ ಲೈಕ್ಲಿಹುಡ್‌ನ ಸ್ವಾಭಾವಿಕ ಲಾಗ್ ಅನ್ನು −2ರಿಂದ ಗುಣಿಸಿ, ಅದಕ್ಕೆ ದಂಡವನ್ನು ಕೂಡಿಸುತ್ತಾರೆ. ಪ್ರತಿ ನಿಯತಾಂಕಕ್ಕೆ ಎಐಸಿಯ ದಂಡ 2. ಬಿಐಸಿಯದು ದಾಖಲೆಗಳ ಸಂಖ್ಯೆಯ ಸ್ವಾಭಾವಿಕ ಲಾಗ್. ಹೀಗೆ ಬರುವ ಸಂಖ್ಯೆಯ ಬೆಲೆ ಕಡಿಮೆಯಾದಷ್ಟೂ ಮಾದರಿ ಮೇಲು.

ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ತಂತ್ರಾಂಶದೊಡನೆ ಬರುವ ‘ಕಾರ್ಸ್’ ದತ್ತಾಂಶವನ್ನು ತೆಗೆದುಕೊಳ್ಳೋಣ. 1920ರ ದಶಕದಲ್ಲಿ ದಾಖಲಿಸಿದ ಇದರ 50 ಸಾಲುಗಳಲ್ಲಿ ಕಾರಿನ ವೇಗವೂ ಅದು ನಿಲ್ಲಲು ಹಿಡಿದ ದೂರವೂ ಇವೆ. ದೂರವನ್ನು ವೇಗದ ಸರಳರೇಖೆಯಾಗಿ ಬರೆದರೆ ಎಐಸಿ 419.16, ಬಿಐಸಿ 424.89. ವೇಗದ ವರ್ಗವನ್ನೂ ಸೇರಿಸಿದರೆ ಎಐಸಿ 418.77ಕ್ಕೆ ಇಳಿಯುತ್ತದೆ, ಬಿಐಸಿ 426.42ಕ್ಕೆ ಏರುತ್ತದೆ. 50ರ ಲಾಗ್ 3.91 ಆದ್ದರಿಂದ ಬಿಐಸಿಯ ದಂಡ ಎಐಸಿಯದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಭಿನ್ನಾಭಿಪ್ರಾಯಕ್ಕೆ ಕಾರಣ ಅಷ್ಟೇ.

ಇಂಥಲ್ಲಿ ಯಾವುದನ್ನು ನಂಬಬೇಕೆಂಬುದು ಉದ್ದೇಶವನ್ನು ಅವಲಂಬಿಸಿದೆ. ಮುಂದೆ ಬರುವ ದಾಖಲೆಗಳನ್ನು ಚೆನ್ನಾಗಿ ಊಹಿಸಬೇಕಿದ್ದರೆ ಎಐಸಿ ಸೂಕ್ತ. ಪಟ್ಟಿಯಲ್ಲಿರುವ ನಿಜವಾದ ಮಾದರಿಯನ್ನು ಗುರುತಿಸುವುದೇ ಗುರಿಯಾಗಿದ್ದು ದತ್ತಾಂಶವೂ ದೊಡ್ಡದಿದ್ದರೆ ಬಿಐಸಿ ಸೂಕ್ತ. ಎರಡನ್ನೂ ಲೆಕ್ಕಹಾಕಿ ತನಗೆ ಬೇಕಾದ ಉತ್ತರ ಕೊಟ್ಟದ್ದನ್ನಷ್ಟೇ ವರದಿಯಲ್ಲಿ ತೋರಿಸುವ ರೂಢಿ ಮಾತ್ರ ಒಪ್ಪತಕ್ಕದ್ದಲ್ಲ. ಎರಡು ಮಾದರಿಗಳ ಎಐಸಿಯ ವ್ಯತ್ಯಾಸ 2ಕ್ಕಿಂತ ಕಡಿಮೆಯಿದ್ದರೆ ಎರಡು ಮಾದರಿಗಳನ್ನೂ ಉಳಿಸಿಕೊಳ್ಳಬೇಕು, 10ನ್ನು ಮೀರಿದರೆ ಹಿಂದುಳಿದದ್ದನ್ನು ಬಿಡಬಹುದು ಎಂಬುದು ವಾಡಿಕೆಯ ಅಂದಾಜು. ಇಲ್ಲಿರುವ 0.39ರ ಅಂತರದಿಂದ ಏನೂ ತೀರ್ಮಾನವಾಗದು. ದಾಖಲೆಗಳ ಸಂಖ್ಯೆ ನಿಯತಾಂಕಗಳ 40 ಪಟ್ಟಿಗಿಂತ ಕಡಿಮೆಯಿದ್ದಾಗ ಬಳಸಬೇಕಾದ ತಿದ್ದಿದ ಎಐಸಿಯನ್ನು ಹಾಕಿ ನೋಡಿದರಂತೂ 419.68 ಮತ್ತು 419.66 ಬರುತ್ತವೆ, ಅಂದರೆ ಸರಿಸಮ.

ನಿಯತಾಂಕಗಳನ್ನು ಎಣಿಸುವಾಗ ಶೇಷಗಳ ವೇರಿಯನ್ಸ್ (ಚದುರುವಿಕೆಯ ಅಳತೆ) ಅನ್ನೂ ಒಂದೆಂದು ಎಣಿಸಬೇಕು. ಸರಳರೇಖೆಯ ಎರಡು ನಿಯತಾಂಕಗಳೊಡನೆ ಅದೂ ಸೇರಿ ಒಟ್ಟು 3 ಆಗುತ್ತವೆ. ಆರ್‌ನ ‘ಸ್ಟೆಪ್’ ಫಂಕ್ಷನ್ ವೇರಿಯನ್ಸ್ ಅನ್ನೂ ಕೆಲವು ಸ್ಥಿರಾಂಕಗಳನ್ನೂ ಬಿಟ್ಟು ಲೆಕ್ಕ ಹಾಕುವುದರಿಂದ ಅದೇ ಸರಳರೇಖೆಗೆ 275.26 ಎಂದು ತೋರಿಸುತ್ತದೆ. ಗಾಬರಿ ಬೇಡ, ಬಿಡಿ ಬೆಲೆಗೆ ಅರ್ಥವಿಲ್ಲ, ಒಂದೇ ವಿಧಾನದಲ್ಲಿ ಪಡೆದ ಬೆಲೆಗಳ ನಡುವಿನ ಅಂತರಕ್ಕಷ್ಟೇ ಅರ್ಥವಿದೆ.

ಹೋಲಿಕೆ ನಡೆಯಬೇಕಾದದ್ದು ಅವೇ ಸಾಲುಗಳ ಮೇಲೆ, ಅದೇ ಅಳತೆಯಲ್ಲಿ. ಒಂದು ಚರಾಂಶದಲ್ಲಿ ಖಾಲಿ ಬಿಟ್ಟ ಮನೆಗಳಿದ್ದರೆ ತಂತ್ರಾಂಶ ಆ ಸಾಲುಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ, ಆದ್ದರಿಂದ ಮೊದಲೇ ಅವನ್ನು ತೆಗೆದು ಎಲ್ಲ ಮಾದರಿಗಳನ್ನೂ ಉಳಿದ ಸಾಲುಗಳ ಮೇಲೆ ಕೂರಿಸಬೇಕು. ಅಳತೆ ಬದಲಾದಾಗ ಆಗುವ ಎಡವಟ್ಟು ಇನ್ನೂ ದೊಡ್ಡದು. ದೂರದ ಬದಲು ಅದರ ವರ್ಗಮೂಲವನ್ನು ವೇಗದ ಸರಳರೇಖೆಯಾಗಿ ಬರೆದರೆ ಎಐಸಿ ಸುಮಾರು 155.6 ಎಂದು ಬರುತ್ತದೆ. ಇದನ್ನು 419ರ ಪಕ್ಕದಲ್ಲಿಟ್ಟು ಹಿಗ್ಗುವಂತಿಲ್ಲ. ಮೊದಲು ಮೂಲ ಅಳತೆಗೆ ತರಬೇಕು: ಪ್ರತಿ ದೂರದ ವರ್ಗಮೂಲವನ್ನು ಇಮ್ಮಡಿಸಿ, ಲಾಗ್ ತೆಗೆದು, ಎಲ್ಲವನ್ನೂ ಕೂಡಿಸಿ, ಬಂದ ಮೊತ್ತದ ಎರಡರಷ್ಟನ್ನು ಎಐಸಿಗೆ ಸೇರಿಸಬೇಕು. ಹೀಗೆ ಸೇರುವುದು ಸುಮಾರು 246.1, ಎಐಸಿ ಸುಮಾರು 401.7 ಆಗುತ್ತದೆ. ತಿದ್ದಿದ ಮೇಲೂ ಇದು ಮೊದಲಿನ ಎರಡಕ್ಕಿಂತ 17ರಷ್ಟು ಕೆಳಗಿದೆ. ವೇಗ ಹೆಚ್ಚಿದಂತೆ ನಿಲ್ಲುವ ದೂರದ ಚದುರುವಿಕೆಯೂ ಹಿಗ್ಗುವುದನ್ನು ಮೊದಲಿನೆರಡು ಮಾದರಿಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಮತ್ತು ಪಟ್ಟಿಯಲ್ಲಿಲ್ಲದ ಮಾದರಿಯನ್ನು ಎಐಸಿಯಾಗಲಿ ಬಿಐಸಿಯಾಗಲಿ ಸೂಚಿಸಲಾರದು. ಹಾಗಾಗಿ ಬೆಲೆಗಳನ್ನು ಹೋಲಿಸುವ ಮೊದಲು ಶೇಷಗಳ ನಕ್ಷೆಯನ್ನು ಬಿಡಿಸಿ ನೋಡಬೇಕು.