ಪಿಜಿ ವೈಫೈ: ಚಾನಲ್ ಕೈಯಲ್ಲೇ ಹಂಚಿದೆ, ಚೆನ್ನಾಗೇ ಓಡ್ತಿದೆ

"ರೂಟರೇ ಆರಿಸಿಕೊಳ್ಳಲಿ, ಆಟೋಗೆ ಬಿಡಪ್ಪ, ಈ ಕಾಲದಲ್ಲಿ ಯಾರು ಚಾನಲ್ (ವೈಫೈ ಓಡಾಡೋ ರೇಡಿಯೋ ದಾರಿ) ಕೈಯಲ್ಲಿ ಹಾಕ್ತಾರೆ" ಅಂದವರೆಲ್ಲ ಈಗ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಿದ್ದಾರೆ. ಕೇಳಲಿ.

ಬಿಟಿಎಂ ಲೇಔಟ್‌ನ 5 ಮಹಡಿ ಪಿಜಿ, ಸುಮಾರು 120 ಹುಡುಗರು, ಮಹಡಿಗೆ ಎರಡು ಎಪಿ, ಅಂದರೆ ವೈಫೈ ಹಂಚೋ ಡಬ್ಬಿ. ರಾತ್ರಿಯಾದರೆ ಮೂಲೆ ರೂಮಿನಲ್ಲಿ ವಾಟ್ಸಾಪ್ ಕಾಲ್ ಕೂಡ ನಿಲ್ಲುತ್ತಿರಲಿಲ್ಲ. ಮಾಲೀಕರು ಮೊದಲು ಲೈನ್ ಸ್ಪೀಡ್ ಜಾಸ್ತಿ ಮಾಡಿಸಿದರು, ದುಡ್ಡು ಹೋಯ್ತು ಅಷ್ಟೇ. ಆಮೇಲೆ ಇನ್ನಷ್ಟು ರೂಟರ್ ಸಿಕ್ಕಿಸಿದರು, ಇನ್ನೂ ಹದಗೆಟ್ಟಿತು. ಒಬ್ಬ ಡೀಲರ್ ಎಲ್ಲ ಎಪಿಗಳನ್ನೂ ಒಂದೇ ಕಡೆಯಿಂದ ನಡೆಸೋ ಕಂಟ್ರೋಲರ್ ಸಮೇತ 2 ಲಕ್ಷದ ಹತ್ತಿರ ಕೊಟೇಶನ್ ಕೊಟ್ಟ. ನನ್ನದು 10 ಸಾವಿರ ದಾಟಲಿಲ್ಲ, ಅದರಲ್ಲಿ ಅರ್ಧ ಎಸ್‌ಪಿ ರೋಡಿನ ಕೇಬಲ್ಲಿಗೆ.

2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನಲ್ 1, 6, 11 ಅಂತ ಎಲ್ಲರಿಗೂ ಗೊತ್ತು. ಯಾವ ಎಪಿಗೆ ಯಾವುದು ಅನ್ನೋದೇ ತಲೆನೋವು. ಸ್ಕ್ಯಾನ್‌ನಲ್ಲಿ ಎಷ್ಟು ವೈಫೈ ಹೆಸರು ಕಾಣುತ್ತೆ ಅಂತ ಎಣಿಸೋದು ದಂಡ. ನಾನು ಒಂದು ಹಳೇ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕೋ ಉಚಿತ ಸಾಫ್ಟ್‌ವೇರ್) ಹಾಕಿ, ರಾತ್ರಿ 9ರಿಂದ 11ರ ತನಕ ಒಂದೊಂದೇ ಚಾನಲ್ಲಿನಲ್ಲಿ ಕೂರಿಸಿ, ಗಾಳಿ ಎಷ್ಟು ಹೊತ್ತು ಬಿಜಿ ಅಂತ ಲೆಕ್ಕ (ಸರ್ವೇ ಡಂಪ್) ತೆಗೆದೆ. ಮೂರನೇ ಮಹಡಿಯಲ್ಲಿ ಚಾನಲ್ 11ರಲ್ಲಿ ಕಂಡಿದ್ದು ಬರೀ ಮೂರು ಹೆಸರು, ಆದರೆ 70 ಪರ್ಸೆಂಟ್ ಬಿಜಿ! ಪಕ್ಕದ ಕಟ್ಟಡದ ವೈಫೈ ಕ್ಯಾಮೆರಾಗಳು. 6ರಲ್ಲಿ ಹೆಸರು ಹದಿನೈದಿದ್ದರೂ 30 ಪರ್ಸೆಂಟ್ ಇರಲಿಲ್ಲ.

ಯಾವ ಎಪಿ ಯಾವುದಕ್ಕೆ ಕೇಳಿಸುತ್ತೆ ಅಂತ ಹಾಳೆ ಮೇಲೆ ಗೆರೆ ಎಳೆದು, ಜಾಸ್ತಿ ಗೆರೆ ಬಿದ್ದದ್ದಕ್ಕೆ ಮೊದಲು ಚಾನಲ್ ಕೊಟ್ಟೆ. ಯಾವ ಮಹಡಿಗೆ ಎಷ್ಟು ತೂಕ ಕೊಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ನೋಡಿ. ಮಹಡಿಗೊಂದು ಎಪಿಯ 2.4 ಆಫ್ ಮಾಡಿದೆ, ಒಂದರ ಸದ್ದು ಇನ್ನೊಂದಕ್ಕೆ ಕಮ್ಮಿ ಕೇಳಲಿ ಅಂತ ಉಳಿದವುಗಳ ಪವರ್ 20 ಡಿಬಿಎಂನಿಂದ (ಸಿಗ್ನಲ್ ಬಲದ ಅಳತೆ) 11 ಡಿಬಿಎಂ ಆಸುಪಾಸಿಗೆ ಇಳಿಸಿದೆ. ಎಲ್ಲರೂ ನಕ್ಕಿದ್ದು ಇದಕ್ಕೇ.

5 ಗಿಗಾಹರ್ಟ್ಸ್‌ನಲ್ಲಿ ಚಾನಲ್ ಅಗಲ 80 ಮೆಗಾಹರ್ಟ್ಸ್ ಇಟ್ಟರೆ ಸ್ಪೀಡ್ ಟೆಸ್ಟ್ ಚೆಂದ ಬರುತ್ತೆ, ಆದರೆ 36–48, 149–161 ಚಾನಲ್‌ಗಳಲ್ಲಿ ಹಂಚೋಕೆ ಎರಡೇ ಜಾಗ. 40 ಇಟ್ಟರೆ ನಾಲ್ಕು. ಸುಮ್ನೆ ನೋಡೋಣ ಅಂತ ಮಾರತಹಳ್ಳಿಯ ಇನ್ನೊಂದು ಪಿಜಿಯಲ್ಲಿ ಚಾನಲ್ 100 ಹಾಕಿದ್ದೆ. ಅಲ್ಲಿ ರೇಡಾರ್ ಕಂಡರೆ ಎಪಿ ಜಾಗ ಬಿಡಲೇಬೇಕು; ಏನೋ ಕೇಳಿ ರೇಡಾರ್ ಅಂದುಕೊಂಡು ಆಗಾಗ ಚಾನಲ್ ಬಿಟ್ಟು ಓಡುತ್ತಿತ್ತು, ಕೈಬಿಟ್ಟೆ.

ಚಾನಲ್ ಹಂಚಿದ ಮಾತ್ರಕ್ಕೆ ನ್ಯಾಯ ಸಿಗೋದಿಲ್ಲ. 1500 ಬೈಟಿನ ಒಂದು ಪ್ಯಾಕೆಟ್ 1 ಎಂಬಿಪಿಎಸ್‌ನಲ್ಲಿ ಹೋದರೆ 12 ಮಿಲಿಸೆಕೆಂಡ್ ತಿನ್ನುತ್ತೆ, 54ರಲ್ಲಿ ಕಾಲು ಮಿಲಿಸೆಕೆಂಡೂ ಬೇಡ. ಒಬ್ಬನ ನಿಧಾನಕ್ಕೆ ಮಹಡಿಯೆಲ್ಲ ಯಾಕೆ ಕಾಯಬೇಕು? 12 ಎಂಬಿಪಿಎಸ್ ಕೆಳಗಿನ ವೇಗಗಳನ್ನೆಲ್ಲ ತೆಗೆದೆ. ಆಫೀಸಿನ ಹಳೇ ಪ್ರಿಂಟರಿಗೆ ವೈಫೈ ಸಿಗದೆ ಹೋಯ್ತು, ಅದಕ್ಕೆ ಕೇಬಲ್ ಎಳೆದೆ.

ಮೂಲೆ ರೂಮಿನಲ್ಲಿ ರಾತ್ರಿ 400 ಮಿಲಿಸೆಕೆಂಡ್ ಮುಟ್ಟುತ್ತಿದ್ದ ಪಿಂಗ್ (ಉತ್ತರ ಬರೋಕೆ ಹಿಡಿಯೋ ಹೊತ್ತು) ಈಗ 30–40ರಲ್ಲಿದೆ. ಅದೇ ಮಾಲೀಕರು ಇನ್ನೊಂದು ಪಿಜಿಗೆ ಕರೆದಿದ್ದಾರೆ, ಈ ಸಲ ರೇಟ್ ಜಾಸ್ತಿ ಹೇಳಿದ್ದೇನೆ.