ತಲೆಗೆ ಪೆಟ್ಟು, ನೋಟಕ್ಕೆ ತೊಡಕು: ನಿಭಾಯಿಸುವುದು ಹೇಗೆ?

ದಾವಣಗೆರೆಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಗಾಯ ಮಾಯ್ದು ಮನೆಗೆ ಬಂದ ಮೇಲೆ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ, ಬೆಳಕು ಚುಚ್ಚುತ್ತದೆ, ಪಕ್ಕದಲ್ಲಿ ನಿಂತವರೇ ಕಾಣುವುದಿಲ್ಲ ಎಂದು ಹೇಳುವುದುಂಟು. ಕನ್ನಡಕದ ಅಂಗಡಿಯ ಅಕ್ಷರಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿಬಿಟ್ಟರೆ ಮನೆಯವರು ‘ಕಣ್ಣು ಸರಿಯಿದೆ’ ಎಂದು ಸುಮ್ಮನಾಗುತ್ತಾರೆ. ಆದರೆ ಆ ಪಟ್ಟಿ ಅಳೆಯುವುದು ನೋಟದ ಸ್ಪಷ್ಟತೆಯನ್ನು ಮಾತ್ರ. ಕಣ್ಣುಗಳನ್ನು ಹೊರಳಿಸುವ ನರಗಳಿಗೋ, ನೋಟವನ್ನು ಗ್ರಹಿಸುವ ಮಿದುಳಿನ ಹಿಂಭಾಗಕ್ಕೋ ಆದ ಪೆಟ್ಟು ಅದರಲ್ಲಿ ಗೊತ್ತಾಗುವುದಿಲ್ಲ.

ಆದ್ದರಿಂದ ಮೊದಲು ತೊಂದರೆಯ ಬಗೆಯನ್ನು ಗುರುತಿಸಬೇಕು. ಎರಡಾಗಿ ಕಾಣುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ, ಅನಂತರ ಇನ್ನೊಂದನ್ನು ಮುಚ್ಚಿ. ಯಾವುದನ್ನು ಮುಚ್ಚಿದರೂ ಬಿಂಬ ಒಂದೇ ಆದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ. ಒಂದೇ ಕಣ್ಣಿನಲ್ಲೂ ಎರಡು ಕಂಡರೆ ದೋಷ ಸಾಮಾನ್ಯವಾಗಿ ಆ ಕಣ್ಣಿನದೇ. ಕಣ್ಣನ್ನು ಹೊರಳಿಸುವ ನರಗಳಲ್ಲೊಂದಾದ ನಾಲ್ಕನೆಯ ಕಪಾಲನರಕ್ಕೆ (ಮಿದುಳಿನಿಂದ ನೇರವಾಗಿ ಹೊರಡುವ ನರ) ಪೆಟ್ಟಾಗಿದ್ದರೆ ಬಿಂಬಗಳು ಮೇಲೆ ಕೆಳಗೆ ಜಾರುತ್ತವೆ. ಮೆಟ್ಟಿಲಿಳಿಯುವಾಗ, ಪತ್ರಿಕೆ ಓದುವಾಗ ಕಷ್ಟ ಹೆಚ್ಚಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಬಂದು ಕೂರುತ್ತದೆ. ಇಂಥವರು ತಮಗರಿವಿಲ್ಲದೆಯೇ ತಲೆಯನ್ನು ಒಂದು ಭುಜದತ್ತ ವಾಲಿಸುತ್ತಾರೆ. ಅದನ್ನು ಗಮನಿಸಿ ವೈದ್ಯರಿಗೆ ಹೇಳಬೇಕಾದವರು ಮನೆಯವರೇ.

ನೇತ್ರತಜ್ಞರ ಬಳಿ ಹೋಗುವಾಗ ಡಿಸ್ಚಾರ್ಜ್ ಪತ್ರ ಮತ್ತು ಸಿ.ಟಿ. ಸ್ಕ್ಯಾನ್ ವರದಿಯನ್ನು ಒಯ್ಯಿರಿ. ಕಣ್ಣಿನ ಚಲನೆಯ ಪರೀಕ್ಷೆಯನ್ನೂ ದೃಷ್ಟಿಕ್ಷೇತ್ರ, ಅಂದರೆ ನೇರ ನೋಡುವಾಗ ಸುತ್ತ ಎಷ್ಟು ಕಾಣುತ್ತದೆ ಎಂಬುದನ್ನು ಅಳೆಯುವ ಪೆರಿಮೆಟ್ರಿಯನ್ನೂ ಮಾಡಿಸಬೇಕೇ ಎಂದು ಕೇಳಿ. ನರ ತಾನಾಗಿಯೇ ಚೇತರಿಸಿಕೊಳ್ಳುವ ಸಾಧ್ಯತೆ ಇರುವುದರಿಂದ ಶಸ್ತ್ರಚಿಕಿತ್ಸೆಯ ಮಾತು ಸಾಮಾನ್ಯವಾಗಿ ಆರು ತಿಂಗಳಾದ ಮೇಲೆಯೇ ಬರುತ್ತದೆ. ಅಲ್ಲಿಯವರೆಗೆ ಎರಡು ಬಿಂಬಗಳನ್ನು ಒಂದುಗೂಡಿಸುವ ಪ್ರಿಸಂ ಕನ್ನಡಕ, ಇಲ್ಲವೇ ಒಂದು ಗಾಜಿಗೆ ಮಬ್ಬು ಟೇಪು ನೆರವಾಗುತ್ತದೆ. ಒಂದು ಕಣ್ಣು ಮುಚ್ಚಿದಾಗ ಆಳದ ಅಂದಾಜು ತಪ್ಪುವುದರಿಂದ ಬಿಸಿ ಚಹಾ ಬಗ್ಗಿಸುವಾಗ ಲೋಟಕ್ಕೆ ಪಾತ್ರೆಯ ಅಂಚನ್ನು ತಾಗಿಸಿಕೊಳ್ಳಿ.

ಅರ್ಧ ನೋಟ ಹೋದವರ ಪಾಡು ಬೇರೆ. ನೋಟವನ್ನು ಗ್ರಹಿಸುವ ಮಿದುಳಿನ ಹಿಂಭಾಗದಲ್ಲಿ ಎಡಗಡೆಗೆ ಪೆಟ್ಟಾದರೆ ಎರಡೂ ಕಣ್ಣುಗಳಲ್ಲಿ ಬಲಗಡೆಯ ದೃಶ್ಯ ಅಳಿಸಿಹೋಗುತ್ತದೆ. ರೋಗಿ ಮಾತ್ರ ‘ಬಲಗಣ್ಣು ಹೋಯಿತು’ ಎಂದೇ ತಿಳಿದಿರುತ್ತಾನೆ. ನಮ್ಮಲ್ಲಿ ರಸ್ತೆ ದಾಟುವಾಗ ವಾಹನ ಮೊದಲು ನುಗ್ಗಿಬರುವುದು ಬಲದಿಂದಲೇ ಆದ್ದರಿಂದ, ದಾವಣಗೆರೆಯ ಪಿ.ಬಿ. ರಸ್ತೆಯಂಥಲ್ಲಿ ಕಣ್ಣನ್ನಷ್ಟೇ ಅಲ್ಲ, ತಲೆಯನ್ನೇ ಪೂರ್ತಿ ಆ ಕಡೆ ಹೊರಳಿಸಿ ನೋಡುವ ರೂಢಿಯನ್ನು ಮೊದಲು ಮನೆಯಂಗಳದಲ್ಲಿ ಬೆಳೆಸಿಕೊಳ್ಳಬೇಕು. ಎಡಗಡೆ ಕಾಣದವರು ಓದುವಾಗ ಸಾಲಿನ ಆರಂಭಕ್ಕೆ ಬೆರಳನ್ನೋ ಕೆಂಪು ಪಟ್ಟಿಯನ್ನೋ ಇಟ್ಟುಕೊಳ್ಳಲಿ. ವೈದ್ಯರ ಒಪ್ಪಿಗೆಯಿಲ್ಲದೆ ಬೈಕು ಮುಟ್ಟಬಾರದು. ಹತ್ತಿರದ ಅಂಗಡಿಗೆ ತಾನೇ ಎಂಬ ಸಬೂಬು ನಡೆಯದು.

ಬೆಳಕು ಚುಚ್ಚುವವರಿಗೆ ಬಿಸಿಲಲ್ಲಿ ಅಂಚಿರುವ ಟೋಪಿ, ಬಣ್ಣದ ಕನ್ನಡಕ ಸರಿ. ಮನೆಯೊಳಗೂ ದಿನವಿಡೀ ಕಪ್ಪು ಕನ್ನಡಕ ಹಾಕಿಕೊಂಡರೆ ಕಣ್ಣು ಕತ್ತಲಿಗೇ ಒಗ್ಗಿ, ಬೆಳಕಿನ ಕಾಟ ಮತ್ತೂ ಹೆಚ್ಚುತ್ತದೆ.

ದಿಢೀರನೆ ರೆಪ್ಪೆ ಜೋತುಬಿದ್ದರೆ, ಹೊಸದಾಗಿ ಎರಡು ಕಾಣತೊಡಗಿದರೆ, ತಲೆನೋವಿನ ಜೊತೆಗೆ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯ ನಂತರವೂ ದೃಷ್ಟಿಕ್ಷೇತ್ರ 40 ಡಿಗ್ರಿಗಿಂತ ಕಿರಿದಾಗಿಯೇ ಉಳಿದರೆ, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಅದು ಮಂದದೃಷ್ಟಿಯ ವ್ಯಾಪ್ತಿಗೆ ಬರುತ್ತದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ತಪಾಸಣೆಗೆ ಹೋಗುವಾಗ ಪೆರಿಮೆಟ್ರಿ ವರದಿಯ ಮೂಲಪ್ರತಿಯನ್ನು ಜೊತೆಗಿಟ್ಟುಕೊಳ್ಳಿ.